ಕ್ಲೀಟಸ್ ಕಟ್ಟಿಸಿದ ಕಲ್ಲರೆ

"ಏಳೋ ಮೇಲೆ! ಅದೇನು ನಿಮ್ಮಪ್ಪ ಬಿದ್ದಿರೋ ಬಾವಿಕಟ್ಟೆ ಅಂದ್ಕೊಂಡ್ಯಾ, ಬಂದು ಕುಂಡಿ ಊರೋಕೆ?"

ದ್ವೀಪದ ಸಾಹುಕಾರ ಗ್ರಿಗರಿ ಮೊದಲಾಳಿ ಹೀಗೆ ಕೂಗಿದ್ದು ಯಾವುದೋ ಸಂದಿಯಲ್ಲಲ್ಲ. ಭಾನುವಾರದ ಪೂಜೆ ಮುಗಿದಿತ್ತು. ದ್ವೀಪದ ಜನವೆಲ್ಲ ಚರ್ಚಿನ ಹಿಂದಿನ ಸಮಾಧಿ ಅಂಗಳದಲ್ಲಿ ನೆರೆದು, ಮೊದಲಾಳಿ ಹಂಚಿಸಿದ ಚಹಾ ಹೀರುತ್ತ, ಬಾಳೆಹಣ್ಣಿನ ಬಜ್ಜಿ ಕಚ್ಚುತ್ತ ನಿಂತಿದ್ದರು. ಮೊದಲಾಳಿ ತನ್ನ ಮನೆತನಕ್ಕೆಂದು ಕಟ್ಟಿಸಿದ ಕಲ್ಲರೆಗೆ ಫಾದರ್ ಆಗತಾನೇ ತೀರ್ಥ ಚಿಮುಕಿಸಿ ಮುಗಿಸಿದ್ದರು. ಸೊಂಟದೆತ್ತರದ ಗಾರೆಯ ಗೋರಿ. ಒಳಗೆ ಕೆಳಗೊಂದು ಮೇಲೊಂದು ಗೂಡು. ಮುಚ್ಚಲು ಮುಖ ಕಾಣುವಷ್ಟು ನುಣುಪಾದ ಕರಿಗಲ್ಲು. ತಲೆಯ ಕಡೆಗೆ ರೆಕ್ಕೆ ಬಿಚ್ಚಿ ನಿಂತ ಒಬ್ಬ ದೇವದೂತ, ಅವನ ಮುಖವೂ ಮೊದಲಾಳಿಯ ಮುಖದ ಹಾಗೇ ಉಬ್ಬಿಕೊಂಡಿತ್ತು.

ಕ್ಲೀಟಸ್ ಅದರ ಅಂಚಿನ ಮೇಲೆ ಕೂತದ್ದು ನಿಜ. ಹಿಮ್ಮಡಿಗೆ ಚಿಪ್ಪಿನ ಚೂರು ಹೊಕ್ಕಿತ್ತು. ಉಗುರಿನಿಂದ ಅದನ್ನು ಕೀಳುತ್ತಿದ್ದ, ಅಷ್ಟೆ. ಬೈಗುಳ ಕೇಳಿ ಎದ್ದು ನಿಂತ. ಎದ್ದ ಮೇಲೂ ಮೊದಲಾಳಿಯ ಬಾಯಿ ನಿಲ್ಲಲಿಲ್ಲ.

"ನಿಮ್ಮ ಜಾಗ ಆ ಮೂಲೇಲಿದೆ, ಹೋಗಿ ಅಲ್ಲಿ ಕೂತ್ಕೋ. ನಿಮ್ಮಪ್ಪ ಪತ್ರೋಸು ಊರವರ ಎಲುಬಿನ ಜೊತೆ ಸೌದೆ ಥರ ಬಿದ್ದಿದಾನೆ. ಅವನ ಬುರುಡೆ ಯಾವುದು ಅಂತ ಗುರುತು ಹಿಡಿದು ತೋರ್ಸು, ಇವತ್ತೇ ಅದಕ್ಕೊಂದು ಟೋಪಿ ಹೊಲಿಸಿಕೊಡ್ತೀನಿ."

ಜನ ನಕ್ಕರು. ಬಾಯಲ್ಲಿದ್ದ ಬಜ್ಜಿ ಉದುರುವ ಹಾಗೆ ನಕ್ಕರು.

ಮೂಲೆಯಲ್ಲಿದ್ದದ್ದು ಎಲುಬಿನ ಬಾವಿ. ದ್ವೀಪದಲ್ಲಿ ನೀರು ಬೇಕಾದಷ್ಟು, ನೆಲಕ್ಕೇ ಬರ. ಸತ್ತವರನ್ನು ಮರಳಲ್ಲಿ ಹೂಳುತ್ತಾರೆ. ಕೆಲವು ವರ್ಷ ಕಳೆದು ಆ ಜಾಗ ಇನ್ನೊಬ್ಬರಿಗೆ ಬೇಕಾದಾಗ, ಗುಂಡಿ ತೋಡುವ ಪೈಲಿ ಅಲ್ಲಿ ಉಳಿದದ್ದನ್ನು ಬುಟ್ಟಿಗೆ ಬಾಚಿ, ಪ್ರಾರ್ಥನೆ ಹೇಳಿಸಿ, ಆ ಬಾವಿಗೆ ಸುರಿಯುತ್ತಾನೆ. ಕಲ್ಲರೆ ಇದ್ದವರನ್ನು ಮಾತ್ರ ಯಾರೂ ಎಬ್ಬಿಸುವಂತಿಲ್ಲ. ನಕ್ಕವರಲ್ಲಿ ಎಷ್ಟು ಜನರ ಅಪ್ಪಂದಿರು ಆ ಬಾವಿಯಲ್ಲಿರಲಿಲ್ಲ? ಪಕ್ಕದ ಮನೆಯ ಗೆಳೆಯ ಸಿಲ್ವಿಯ ಅಪ್ಪ ಅಲ್ಲೇ ಇದ್ದ. ಪೈಲಿ ತನ್ನ ಅಪ್ಪನನ್ನು ತನ್ನ ಕೈಯಾರೆ ಸುರಿದಿದ್ದ. ಅವರೂ ನಕ್ಕರು. ಕ್ಲೀಟಸನ ಮೈಗೆ ಬೆಂಕಿ ಬಿದ್ದದ್ದು ಮೊದಲಾಳಿಯ ಮಾತಿಗಲ್ಲ, ಈ ನಗುವಿಗೆ.

ಅವನ ಬಾಯಿ ಮೊದಲೇ ಸುಮ್ಮನಿರುವ ಬಾಯಲ್ಲ. ಅಪ್ಪ ಹಿನ್ನೀರಿನಲ್ಲಿ ಮುಳುಗಿ ಸತ್ತ ವಾರವೇ ಶಾಲೆಯ ಚೀಲ ಮೊಳೆಗೆ ಸಿಕ್ಕಿಸಿ ದೋಣಿ ಹತ್ತಿದವನು. ಅಂದಿನಿಂದ ಯಾರು ಏನೇ ಅಂದರೂ ಒಂದಕ್ಕೆರಡು ಹೇಳಿಯೇ ಬದುಕಿದವನು. ಅವನು ಮೊದಲಾಳಿಯ ಕಡೆ ತಿರುಗಲೇ ಇಲ್ಲ. ಸೀದಾ ಫಾದರ್ ಮುಂದೆ ನಿಂತ.

"ಫಾದರ್, ಇದರ ಪಕ್ಕದ ಜಾಗ ಯಾರಿಗಾದ್ರೂ ಕೊಟ್ಟಿದ್ದೀರಾ?"

"ಇಲ್ಲಪ್ಪ. ಯಾಕೆ?"

"ಕೊಡಬೇಡಿ. ಅದು ನಂದು."

ಈಗ ಯಾರೂ ನಗಲಿಲ್ಲ. ಮೊದಲಾಳಿ ಮಾತ್ರ ಚಹಾದ ಲೋಟ ಕೆಳಗಿಟ್ಟು, "ಏನು ಕೊಟ್ಟು ಕೊಳ್ತೀಯೋ? ಚಿಪ್ಪು ಕೊಟ್ಟಾ?" ಎಂದ.

"ಚಿಪ್ಪು ತಿಂದೇ ಅಲ್ವಾ ನಿಮ್ಮ ಹೊಟ್ಟೆ ಇಷ್ಟು ಉಬ್ಬಿರೋದು?"

ಜನ ಮತ್ತೆ ನಕ್ಕರು, ಈ ಸಲ ಮೊದಲಾಳಿಯ ಹೊಟ್ಟೆ ನೋಡಿ. ಆ ನಗು ಕ್ಲೀಟಸನ ತಲೆಗೆ ಹೆಂಡದ ಹಾಗೆ ಏರಿತು. ಅವನು ಕೆಟ್ಟದ್ದು ಅಲ್ಲೇ.

*

ಮನೆ ಅಂಗಳದಲ್ಲಿ ಅವನ ತಾಯಿ ಬ್ರಿಜೀತ ಮತ್ತು ಪಕ್ಕದ ಮನೆಯ ಕತ್ರೀನ ಚಿಪ್ಪು ಬೇಯಿಸುತ್ತಿದ್ದರು. ಗಂಡಸರು ಹಿನ್ನೀರಿನ ತಳದಿಂದ ಬಾಚಿ ತಂದ ಚಿಪ್ಪನ್ನು ದೊಡ್ಡ ಹಂಡೆಯಲ್ಲಿ ಕುದಿಸಿ, ಬಾಯಿ ಬಿಟ್ಟದ್ದನ್ನು ಜರಡಿಗೆ ಹಾಕಿ ಒದರಿದರೆ ಮಾಂಸ ಕೆಳಗೆ ಉದುರುತ್ತದೆ. ಮಾಂಸ ಪೇಟೆಗೆ. ಉಳಿದ ಚಿಪ್ಪು ಸುಣ್ಣಕ್ಕೆ, ಅಂದರೆ ಗ್ರಿಗರಿ ಮೊದಲಾಳಿಗೆ. ದ್ವೀಪದಲ್ಲಿ ಚಿಪ್ಪು ಕೊಳ್ಳುವವನು ಅವನೊಬ್ಬನೇ. ಅವನು ಹೇಳಿದ್ದೇ ರೇಟು.

ಇಬ್ಬರು ಹೆಂಗಸರೂ ಆ ಹಂಡೆಯ ಹೊಗೆಯಲ್ಲೇ ಮುದುಕಿಯರಾದವರು. ಮಳೆಗಾಲದಲ್ಲಿ ಒಬ್ಬಳ ಒಲೆ ನೆನೆದರೆ ಇನ್ನೊಬ್ಬಳ ಒಲೆಯಲ್ಲಿ ಎರಡು ಮನೆಯ ಗಂಜಿ. ಜಗಳವೂ ಹಾಗೇ, ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು.

ಕ್ಲೀಟಸ್ ಬಂದವನೇ ವಿಷಯ ಒದರಿದ. ಬ್ರಿಜೀತ ಜರಡಿ ನಿಲ್ಲಿಸಲಿಲ್ಲ.

"ಯಾರಿಗೆ ಅದು?"

"ನಿಮಗೇ, ಅಮ್ಮಚ್ಚಿ. ಇನ್ಯಾರಿಗೆ?"

"ಮತ್ತೆ ನಿಮ್ಮಪ್ಪ?"

ಕ್ಲೀಟಸ್ ನಾಲಿಗೆ ಕಚ್ಚಿಕೊಂಡ. ಆ ಯೋಚನೆಯೇ ಅವನಿಗೆ ಬಂದಿರಲಿಲ್ಲ.

"ಅಪ್ಪ... ಬಾವೀಲಿದಾರಲ್ಲ. ಅಲ್ಲಿಂದ ತೆಗೆಯೋಕಾಗಲ್ಲ."

"ಅಂದ್ರೆ ಅವನು ತನ್ನ ಜೊತೆಯವರ ಸಂಗಡ ಅಲ್ಲಿ, ನಾನು ಒಬ್ಬಳೇ ಕಲ್ಲುಪೆಟ್ಟಿಗೇಲಿ. ಬದುಕಿದ್ದಾಗ ಹಿನ್ನೀರು ಅವನನ್ನ ಕಿತ್ಕೊಂಡ್ತು. ಸತ್ತ ಮೇಲೆ ಕಿತ್ಕೊಳ್ಳೋಕೆ ನೀನು ಹುಟ್ಟಿದೀಯ."

"ಒಬ್ಬಳೇ ಎಲ್ಲಿ ಇರ್ತೀಯೇ?" ಕತ್ರೀನ ಒಲೆಗೆ ತೆಂಗಿನ ಗರಿ ತುರುಕುತ್ತ ಹಲ್ಲಿಲ್ಲದ ಬಾಯಿ ಬಿಟ್ಟಳು. "ತಲೆ ಹತ್ರ ದೇವದೂತ ಇರ್ತಾನಂತಲ್ಲ. ಗಟ್ಟಿಮುಟ್ಟಾದ ಗಂಡು, ಕುಡಿಯಲ್ಲ, ಬೀಡಿ ಸೇದಲ್ಲ, ಮೇಲೆ ರೆಕ್ಕೆ ಬೇರೆ. ನಿನಗೆ ಬೇಡದಿದ್ರೆ ನನಗೆ ಕೊಡಿಸು!"

"ಅಮ್ಮಾಯಿ, ಸುಮ್ನಿರಿ! ಊರೆಲ್ಲ ನಕ್ಕಿದ್ದು ಸಾಲದಾ, ನೀವೂ ನಗ್ತೀರಾ?" ಕ್ಲೀಟಸ್ ಕತ್ರೀನಳ ಮೇಲೆ ರೇಗಿ ಹಂಡೆಯ ಪಕ್ಕದಲ್ಲಿದ್ದ ಖಾಲಿ ಬುಟ್ಟಿಯನ್ನು ಒದ್ದ. ಅದು ಉರುಳಿ ಬೇಲಿಗೆ ಬಡಿಯಿತು.

ಬ್ರಿಜೀತ ಎದ್ದು ಹೋಗಿ ಬುಟ್ಟಿ ತಂದು, ಮೊದಲಿದ್ದ ಕಡೆಯೇ ಇಟ್ಟು, ಮಗನ ಎದುರು ನಿಂತಳು. ಅವಳ ತಲೆ ಅವನ ಎದೆಗೂ ಬರುತ್ತಿರಲಿಲ್ಲ.

"ನೆರೆಮನೆ ಮೇಲೆ ಕಣ್ಣು ಹಾಕಬಾರದು ಅಂತ ನಿನಗೆ ಜಪದ ಕ್ಲಾಸಲ್ಲಿ ಬಾಯಿಪಾಠ ಮಾಡಿಸಿದ್ರು. ನೆರೆಯವನ ಗೋರಿ ಮೇಲೆ ಕಣ್ಣು ಹಾಕೋನು ಒಬ್ಬ ಹುಟ್ತಾನೆ ಅಂತ ಪಾಪ ಅವರಿಗೆ ಗೊತ್ತಿರಲಿಲ್ಲ. ನನಗೇನು ಕಮ್ಮಿಯಾಗಿದೆಯೋ? ಹಂಡೆ ಇದೆ, ಒಲೆ ಇದೆ, ಮರಗೆಣಸು ಇದೆ, ಜಗಳ ಆಡೋಕೆ ಇವಳಿದಾಳೆ. ಸತ್ತರೆ ಮರಳಿದೆ. ಸಾಕು ಅಂದ್ರೆ ಸಾಕು."

"ನಿಮಗೆ ಸಾಕು. ನನಗೆ ಸಾಲದು," ಎಂದ ಕ್ಲೀಟಸ್. "ಸಾಕು ಸಾಕು ಅಂತಾನೇ ನಮ್ಮನ್ನ ಬಾವಿಗೆ ತಳ್ಳಿದಾರೆ. ಅವರಿಗೆ ಮಾತ್ರ ಯಾವತ್ತೂ ಸಾಕಾಗಲ್ಲ."

ಮಾತೇನೋ ಸುಳ್ಳಲ್ಲ. ಬ್ರಿಜೀತಳಿಗೂ ಅದು ಗೊತ್ತಿತ್ತು. "ಅವನಿಗೆ 'ಸಾಲದು' ಅನ್ನೋ ರೋಗ ಇದ್ರೆ ನೀನೂ ಅಂಟಿಸ್ಕೋ," ಎಂದಷ್ಟೇ ಹೇಳಿ ಮತ್ತೆ ಜರಡಿ ಹಿಡಿದಳು.

*

ಬೈದಾಡಿದ್ದು ಒಂದು ಗಳಿಗೆ, ಅದನ್ನು ನಿಜ ಮಾಡಲು ಹೋದದ್ದು ಒಂದಿಡೀ ಬೇಸಿಗೆ. ಕ್ಲೀಟಸನ ಹತ್ತಿರ ಮಾರುವಂಥದ್ದು ಇದ್ದದ್ದು ಒಂದೇ, ಅವನ ದೋಣಿ. ಅಪ್ಪನ ಹಳೆಯ ದೋಣಿ ಲಡ್ಡಾದ ಮೇಲೆ, ವರ್ಷಗಟ್ಟಲೆ ಬೇರೆಯವರ ದೋಣಿಯಲ್ಲಿ ದುಡಿದು, ಒಳ್ಳೆ ಮರ ಆರಿಸಿ ಮಾಡಿಸಿಕೊಂಡದ್ದು. ಅದರ ಹೊಟ್ಟೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಸವರುವಾಗ ಅವನು ಹಾಡು ಗುನುಗುತ್ತಿದ್ದ. ಅದಿದ್ದಾಗ ಅವನು ಯಾರ ಕೂಗಿಗೂ ಓಡಬೇಕಿರಲಿಲ್ಲ. ಮನಸ್ಸು ಬಂದಾಗ ಹೋಗುತ್ತಿದ್ದ, ಸಾಕೆನಿಸಿದಾಗ ಬರುತ್ತಿದ್ದ.

ದ್ವೀಪದಲ್ಲಿ ರೊಕ್ಕ ಎಣಿಸಿ ದೋಣಿ ಕೊಳ್ಳುವ ತಾಕತ್ತು ಇದ್ದವನು ಒಬ್ಬನೇ. ಗ್ರಿಗರಿ ಮೊದಲಾಳಿ ದೋಣಿಯ ಸುತ್ತ ಒಂದು ಸುತ್ತು ಬಂದು, ಮರಕ್ಕೆ ಬೆರಳು ಬಡಿದು, "ಪರವಾಗಿಲ್ಲ, ಚೆನ್ನಾಗಿಟ್ಕೊಂಡಿದೀಯ," ಎಂದ. ಬೇಕಿದ್ದರೆ ಅದರಲ್ಲೇ ಕೂಲಿಗೆ ಬಾ ಎಂದೂ ಹೇಳಿದ. ಕ್ಲೀಟಸ್ ಹಲ್ಲು ಕಡಿದ. ಸೋಮವಾರದಿಂದ ಕೂಲಿಗೆ ಹೋದ. ತನ್ನದೇ ದೋಣಿ, ತನ್ನದೇ ಹುಟ್ಟು, ಕೆಳಗೆ ಬಾಚಿದ ಚಿಪ್ಪು ಮಾತ್ರ ಇನ್ನೊಬ್ಬನದು.

ಜೊತೆಗೆ ಬಾಚುತ್ತಿದ್ದವನು ಕತ್ರೀನಳ ಮಗ ಸಿಲ್ವಿ. ಅವನು ಮೊದಲ ದಿನವೇ ಕೇಳಿದ: "ಲೋ, ದೋಣಿ ಕೊಟ್ಟು ಗೋರಿ ತಗೊಂಡ್ಯಲ್ಲ, ಗೋರಿಗೆ ಹುಟ್ಟು ಹಾಕಿದ್ರೆ ಮುಂದಕ್ಕೆ ಹೋಗುತ್ತಾ?"

"ನಿನ್ನ ಅಪ್ಪನ ಬುರುಡೇಗೂ ಸೇರಿಸಿ ಅವತ್ತು ನಕ್ಕೆಯಲ್ಲ, ನಾಚಿಕೆಯಾಗ್ಲಿಲ್ವೇನೋ ನಿನಗೆ?"

"ಆಯ್ತು. ಆದ್ರೆ ನಕ್ಕು ಮನೆಗೆ ಹೋಗಿ ಊಟ ಮಾಡ್ದೆ. ನಾನು ದೋಣಿ ಮಾರ್ಲಿಲ್ಲ."

ಕ್ಲೀಟಸ್ ಹುಟ್ಟನ್ನು ನೀರಿಗೆ ಬಡಿದು ದೋಣಿಯನ್ನು ದಡದ ಕಡೆ ತಿರುಗಿಸಿದ.

ಕಲ್ಲರೆ ಎದ್ದಿತು. ಕ್ಲೀಟಸನ ಕೈಲಾದದ್ದು ಒಂದೇ ಗೂಡಿನದು. ಅಂದರೆ ಒಬ್ಬರನ್ನು ಒಳಗಿಟ್ಟು ಮುಚ್ಚಿದರೆ ವರ್ಷಗಳ ತನಕ ಮತ್ತೆ ತೆರೆಯುವ ಹಾಗಿಲ್ಲ. ಆದರೆ ಕಲ್ಲು ಮೊದಲಾಳಿಯದ್ದಕ್ಕಿಂತ ಕರಿದಾಗಿರಲಿ ಎಂದು ಹಟ ಹಿಡಿದ. ಮೇಸ್ತ್ರಿ ತಂದ ಕಲ್ಲನ್ನು ಎರಡು ಸಲ ವಾಪಸು ಕಳಿಸಿದ. ಮುಗಿದ ದಿನ ಪಕ್ಕದಲ್ಲಿ ನಿಂತು ನೋಡಿದರೆ, ಮೊದಲಾಳಿಯದ್ದು ಒಂದು ಗೇಣು ಎತ್ತರ. ಆ ಒಂದು ಗೇಣು ಅವನ ಗಂಟಲಲ್ಲಿ ಮುಳ್ಳಾಗಿ ಕೂತಿತು. ದೇವದೂತ ಇಲ್ಲದ್ದು ಇನ್ನೊಂದು ಮುಳ್ಳು. ಕಟ್ಟಿಸುವ ಮುಂಚೆ ಅವನಿಗೆ ಬೇಕಾಗಿದ್ದದ್ದು ಒಂದು ಕಲ್ಲರೆ. ಕಟ್ಟಿಸಿದ ಮೇಲೆ ಬೇಕಾದವುಗಳಿಗೆ ಲೆಕ್ಕವೇ ಇಲ್ಲ.

ಆಶೀರ್ವಾದದ ದಿನ ಬ್ರಿಜೀತ ಬಂದಳು. ಆದರೆ ಕಲ್ಲರೆಯ ಹತ್ತಿರ ಸುಳಿಯಲಿಲ್ಲ. ಅತ್ತ ಫಾದರ್ ತೀರ್ಥ ಚಿಮುಕಿಸುತ್ತಿದ್ದರೆ, ಇತ್ತ ಅವಳು ಮೂಲೆಯ ಬಾವಿಯ ಪಕ್ಕ ಕತ್ರೀನಳ ಜೊತೆ ಕೂತು, ಮೇಣದ ಬತ್ತಿ ಹಚ್ಚಿ, ಗಂಡನ ಹತ್ತಿರ ಏನೋ ಮಾತಾಡುತ್ತಿದ್ದಳು. ನಡುನಡುವೆ ಇಬ್ಬರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದಾನೇನೋ ಅನ್ನಿಸಿ ಕ್ಲೀಟಸನಿಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಆಮೇಲೆ ಶುರುವಾದದ್ದು ಊರಿನ ಬಾಯಿ. "ಕ್ಲೀಟಸೇ, ಬಂಗಲೆಗೆ ಒಕ್ಕಲು ಯಾವಾಗ?" "ಬಾಡಿಗೆಗೆ ಕೊಡ್ತೀಯಾ?" ಅವನು ಪ್ರತಿಯೊಬ್ಬನಿಗೂ ತಿರುಗಿ ಉಗಿದ. ಸಂಜೆ ಕೆಲಸ ಮುಗಿಸಿ, ಮನೆಗೂ ಹೋಗದೆ, ಒದ್ದೆ ಪಂಚೆಯಲ್ಲೇ ಬಂದು ಕಲ್ಲನ್ನು ಒರೆಸಿದ. ಮೇಲೆ ಕೂತ ಕಾಗೆಗೆ ಕಲ್ಲೆಸೆದ. ಕಲ್ಲು ಗುರಿ ತಪ್ಪಿ ಕರಿಗಲ್ಲಿನ ಅಂಚಿಗೆ ತಾಕಿ ಚೂರು ಎದ್ದಿತು. ಅಂದು ಅವನು ಉಣ್ಣಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಳೆಗೆ ಮುಂಚೆ ಬ್ರಿಜೀತಳಿಗೆ ಕೆಮ್ಮು ಹತ್ತಿತು. ಹೊಗೆಯ ಹೆಂಗಸರಿಗೆ ಕೆಮ್ಮು ಹೊಸದಲ್ಲ. ಆದರೆ ಅವಳು ಬಗ್ಗಿ ಎದೆ ಹಿಡಿದುಕೊಂಡಾಗಲೆಲ್ಲ ಕ್ಲೀಟಸನ ಕಿವಿ ನೆಟ್ಟಗಾಗುತ್ತಿತ್ತು. ಔಷಧ ತಂದುಕೊಟ್ಟ, ನಿಜ. ಬಿಸಿನೀರು ಕಾಯಿಸಿಕೊಟ್ಟ, ಅದೂ ನಿಜ. ಆದರೂ ಒಂದು ಸಂಜೆ ಕೆಮ್ಮು ಕೇಳುತ್ತ ಕೂತಿದ್ದಾಗ ಅವನ ಮನಸ್ಸಿನಲ್ಲಿ ಮೆರವಣಿಗೆ ಹೊರಟುಬಿಟ್ಟಿತ್ತು. ಮುಂದೆ ಶಿಲುಬೆ, ಹಿಂದೆ ಬ್ಯಾಂಡು, ಊರವರೆಲ್ಲ ಬಾಯಿ ಮುಚ್ಚಿಕೊಂಡು ಕರಿಗಲ್ಲಿನ ಸುತ್ತ. ಗ್ರಿಗರಿ ಮೊದಲಾಳಿ ಟೋಪಿ ತೆಗೆದು ನಿಂತಿದ್ದಾನೆ. ಆ ಮೆರವಣಿಗೆಯ ಪೆಟ್ಟಿಗೆಯಲ್ಲಿ ಯಾರಿದ್ದಾರೆ ಎಂದು ಹೊಳೆದಾಗ ಅವನು ಒಲೆಯ ಕಟ್ಟಿಗೆಯನ್ನು ನೆಲಕ್ಕೆ ಬಡಿದು ಎದ್ದು ಹೊರಗೆ ಹೋದ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಬೇಲಿಯ ಗೂಟ ಕಿತ್ತ.

ತಾಯಿ ಒಳಗಿನಿಂದ ನೋಡುತ್ತಿದ್ದಳು.

*

ಸತ್ತದ್ದು ಬ್ರಿಜೀತ ಅಲ್ಲ, ಕತ್ರೀನ.

ಆ ಸಲ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಿನ್ನೀರು ಏರಿ ಏರಿ ಹಿತ್ತಿಲಿಗೆ ಬಂತು, ಅಂಗಳಕ್ಕೆ ಬಂತು, ಒಲೆಗೂ ಬಂತು. ಕತ್ರೀನ ಮಂಚದ ಮೇಲೆ ಕಾಲು ಮಡಚಿ ಕೂತು, "ಇಷ್ಟು ವರ್ಷ ನಾವು ಹಿನ್ನೀರಿಗೆ ಹೋಗ್ತಿದ್ವಿ, ಈಗ ಅದೇ ನೆಂಟಸ್ತಿಕೆಗೆ ಬಂದಿದೆ," ಎಂದು ನಗುತ್ತಿದ್ದವಳು, ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟಳು. ಪೇಟೆಯ ಆಸ್ಪತ್ರೆಗೆ ಒಯ್ಯೋಣವೆಂದರೆ ಲಾಂಚು ನಿಂತಿತ್ತು. ಸತ್ತ ಮೇಲೆ ಹೆಣವನ್ನು ಅಲ್ಲಿನ ಶೀತದ ಪೆಟ್ಟಿಗೆಯಲ್ಲಿ ಇಡೋಣವೆಂದರೂ ಅದೇ ಗತಿ. ಮಳೆ ಇಳಿಯಬಹುದೆಂದು ಮರುದಿನದ ತನಕ ಕಾದರು. ಇಳಿಯಲಿಲ್ಲ. ಇನ್ನು ಕಾಯುವ ಹಾಗಿರಲಿಲ್ಲ. ಸೆಕೆಗೆ ವಾಸನೆ ಶುರುವಾಗಿತ್ತು.

ಪೆಟ್ಟಿಗೆಯನ್ನು ದೋಣಿಯಲ್ಲಿಟ್ಟುಕೊಂಡು ಚರ್ಚಿಗೆ ಬಂದರು. ಬ್ರಿಜೀತ ಪೆಟ್ಟಿಗೆಯ ಪಕ್ಕದಲ್ಲಿ ಕೂತು, ಅಳದೆ, ಗೆಳತಿಯನ್ನು ಬೈಯುತ್ತ ಬಂದಳು. ಹೇಳದೆ ಕೇಳದೆ ಹೊರಟೆಯಲ್ಲೇ, ಹಂಡೆಯ ಆ ಕಡೆ ಇನ್ನು ಯಾರು ಹಿಡೀತಾರೆ, ಯಾರ ಹತ್ತಿರ ನಾನು ಜಗಳ ಆಡಲಿ.

ಸಮಾಧಿ ಅಂಗಳದಲ್ಲಿ ಮೊಣಕಾಲಿನ ಕೆಳಗಿನ ತನಕ ನೀರು. ಪೈಲಿ ಎತ್ತರದ ಜಾಗ ನೋಡಿ ಗುಂಡಿ ತೋಡಿದ್ದ. ಅದು ಗುಂಡಿಯಾಗಿರಲಿಲ್ಲ, ಕೆರೆಯಾಗಿತ್ತು. ಗಂಡಸರು ಸಾಲಾಗಿ ನಿಂತು ಬಕೆಟ್ಟಿನಿಂದ ಎತ್ತಿ ಎಸೆದರು. ಎಸೆದದ್ದಕ್ಕಿಂತ ಹೆಚ್ಚು ಕೆಳಗಿನಿಂದ ಉಕ್ಕಿತು. ಮರಳಿನ ಗೋಡೆ ಕುಸಿದು ಬಿತ್ತು. ಆದದ್ದಾಗಲಿ ಎಂದು ಪೆಟ್ಟಿಗೆ ಇಳಿಸಿದರು. ಅದು ಮುಳುಗಲಿಲ್ಲ. ಒಂದು ಕಡೆ ವಾಲಿ, ಗುಂಡಿಯ ಅಂಚಿಗೆ ಬಡಿದು, ಮತ್ತೆ ತೇಲಿತು. ಮೇಲೆ ಕಲ್ಲು ಹೇರಿ ಮುಳುಗಿಸೋಣ ಎಂದ ಯಾವನೋ.

"ನನ್ನಮ್ಮನ್ನ ಕಲ್ಲು ಹೇರಿ ಮುಳುಗಿಸ್ತೀರೇನೋ?" ಸಿಲ್ವಿ ಅಷ್ಟು ಜೋರಾಗಿ ಕಿರುಚಿದ್ದನ್ನು ಊರು ಎಂದೂ ಕೇಳಿರಲಿಲ್ಲ. ಅವನು ನೀರಿಗೆ ಹಾರಿ ಪೆಟ್ಟಿಗೆಯನ್ನು ತಬ್ಬಿಕೊಂಡು ಹೊರಗೆಳೆದ. ಎಳೆದು ಎಲ್ಲಿಡುವುದು? ಹೆಗಲಿಗೇರಿಸಿಕೊಂಡು ನಾಲ್ಕು ಜನ ನೀರಲ್ಲೇ ನಿಂತರು.

ನೀರಿನಿಂದ ಮೇಲೆದ್ದು ಒಳಗೆ ಒಣಗಿದ್ದದ್ದು ಕಲ್ಲರೆಗಳು ಮಾತ್ರ.

ಸಿಲ್ವಿ ಕೊಡೆ ಹಿಡಿದು ನಿಂತಿದ್ದ ಗ್ರಿಗರಿ ಮೊದಲಾಳಿಯ ಕಡೆ ತಿರುಗಿದ. ಮೊದಲಾಳಿ ತನ್ನ ಕಲ್ಲರೆಯ ಕೆಳಗಿನ ಗೂಡಿಗೆ ತನ್ನ ಅಪ್ಪನನ್ನು ಮರಳಿನಿಂದ ತೆಗೆಸಿ ತಂದಿಟ್ಟಿದ್ದ. ಮೇಲಿನದು ಖಾಲಿ.

"ಮೊದಲಾಳಿ, ಮೇಲಿನ ಗೂಡು ಕೊಡಿ. ನೀರಿಳಿದ ಮೇಲೆ ನಾನೇ ತೆಗೀತೀನಿ."

"ಅದು ಕುಟುಂಬದ್ದು ಸಿಲ್ವಿ," ಎಂದ ಮೊದಲಾಳಿ, ಮುಖದಲ್ಲಿ ಎಷ್ಟೊಂದು ನೋವು ತಂದುಕೊಂಡು! "ಕೊಡೋ ಹಾಗಿದ್ರೆ ಕೊಡ್ತಿರಲಿಲ್ವಾ? ಪದ್ಧತಿ ಅಂತ ಒಂದಿರುತ್ತೆ."

ಫಾದರ್ ಪುಸ್ತಕದ ಮೇಲೆ ಬಿದ್ದ ಹನಿ ಒರೆಸಿದರು. ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಕ್ಲೀಟಸನ ಕಡೆ ಹೊರಳಿದವು.

ಅವನು ತನ್ನ ಕಲ್ಲಿನ ಪಕ್ಕದಲ್ಲೇ ನಿಂತಿದ್ದ. ಕೈ ಅದರ ಮೇಲಿತ್ತು. ಅದಕ್ಕಾಗಿ ಮಾರಿದ ದೋಣಿ, ಅದಕ್ಕಾಗಿ ತಿಂದ ಬೈಗುಳ, ತನ್ನದೇ ದೋಣಿಯಲ್ಲಿ ಮಾಡಿದ ಕೂಲಿ, ಎಲ್ಲವೂ ಆ ಕೈಯಡಿಯ ತಂಪಿನಲ್ಲಿತ್ತು. ಒಮ್ಮೆ ಮುಚ್ಚಿದರೆ ಮುಗಿಯಿತು. ನಾಳೆ ಅಮ್ಮಚ್ಚಿ ಸತ್ತರೆ ಅವಳು ಮರಳಿಗೆ, ಮರಳಿನಿಂದ ಬಾವಿಗೆ.

"ಕ್ಲೀಟಸೇ," ಎಂದ ಸಿಲ್ವಿ. ಅವನ ಹೆಗಲ ಮೇಲಿನ ಪೆಟ್ಟಿಗೆಯಿಂದ ನೀರು ಸುರಿದು ಮುಖದ ಮೇಲೆ ಇಳಿಯುತ್ತಿತ್ತು.

"ಅದು..." ಕ್ಲೀಟಸ್ ಕೈಯನ್ನು ಕಲ್ಲಿನ ಮೇಲೆ ಇನ್ನಷ್ಟು ಒತ್ತಿದ. "ಅದು ಕುಟುಂಬದ್ದು."

ಅಂದ ಕೂಡಲೇ ಬಾಯೊಳಗೆ ಏನೋ ಕೊಳೆತದ್ದನ್ನು ಕಚ್ಚಿದ ಹಾಗಾಯಿತು. ಮೊದಲಾಳಿ ಅವನತ್ತ ನೋಡಿ ಮೆಲ್ಲಗೆ ತಲೆದೂಗಿದ. ತನ್ನಂಥವನೊಬ್ಬನನ್ನು ನೋಡಿ ತಲೆದೂಗುವ ಹಾಗೆ.

ಬ್ರಿಜೀತ ನೀರನ್ನು ಸೀಳಿಕೊಂಡು ಬಂದಳು. ಬಂದು ಮಗನ ಎದುರು ನಿಂತು ಕೆಮ್ಮಿದಳು, ದೀರ್ಘವಾಗಿ, ಬೇಕೆಂದೇ.

"ಕೇಳಿಸ್ಕೊಂಡ್ಯಾ? ಇದನ್ನೇ ಅಲ್ವಾ ನೀನು ದಿನಾ ಕಿವಿಗೊಟ್ಟು ಕೇಳ್ತಿದ್ದದ್ದು? ಇವಳು ಯಾವಾಗ ಸಾಯ್ತಾಳೆ, ಯಾವಾಗ ನನ್ನ ಕಲ್ಲು ತುಂಬುತ್ತೆ ಅಂತ? ಕೊಡಲ್ಲ ಅಂತ ಎಲ್ಲರೆದುರು ಇನ್ನೊಂದ್ಸಲ ಅನ್ನು. ಹಾಗಂದ್ರೆ ನಾನು ಈಗಲೇ ಒಳಗೆ ಹೋಗಿ ಮಲಗ್ತೀನಿ. ಮುಚ್ಚು ಮೇಲಿಂದ. ನಿನ್ನ ಆಸೆ ತೀರಲಿ!"

"ಅಮ್ಮಚ್ಚಿ..."

"ಅಮ್ಮಚ್ಚಿ ಅನ್ನಬೇಡ! ಹಸುಗೂಸಾಗಿ ನೀನು ಜ್ವರದಲ್ಲಿ ಬಿದ್ದಿದ್ದಾಗ, ನನ್ನ ಎದೇಲಿ ಹಾಲಿಲ್ಲದಾಗ, ಈ ಪೆಟ್ಟಿಗೇಲಿರೋಳು ನಿನಗೆ ಮೊಲೆ ಕೊಟ್ಟಳು. ಸಿಲ್ವೀನ ಒಂದು ಕಡೆ, ನಿನ್ನ ಇನ್ನೊಂದು ಕಡೆ. ಅವಳು 'ಇದು ಕುಟುಂಬದ್ದು' ಅಂದಳೇನೋ?" ಅವಳು ಫಾದರ್ ಕಡೆಗೂ ತಿರುಗಿದಳು. "ನೀವ್ಯಾಕೆ ಫಾದರ್ ಸುಮ್ಮನಿದ್ದೀರಿ? ಶಿಲುಬೆಯಿಂದ ಇಳಿಸಿದ ಮೇಲೆ ಕರ್ತನನ್ನ ಎಲ್ಲಿಟ್ರು? ಅವನಿಗೇನು ಸ್ವಂತ ಕಲ್ಲರೆ ಇತ್ತಾ? ಯಾರೋ ತನಗೆ ಅಂತ ಕಟ್ಟಿಸಿಕೊಂಡದ್ದನ್ನ ಬಿಟ್ಟುಕೊಟ್ಟ. ಆ ಪುಣ್ಯಾತ್ಮ ಆವತ್ತು ಪದ್ಧತಿ ಕೇಳಿದ್ದಿದ್ರೆ? ದೇವರ ಹೆಣಾನೂ ಹೀಗೇ ಹೆಗಲ ಮೇಲೆ ನೆನೀತಾ ನಿಂತಿರೋದು!"

ಫಾದರ್ ತಲೆ ತಗ್ಗಿಸಿದರು.

ಕ್ಲೀಟಸನಿಗೆ ತಾಯಿಯ ಮೇಲೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ಇಷ್ಟು ಜನರೆದುರು ಬಟ್ಟೆ ಬಿಚ್ಚಿ ನಿಲ್ಲಿಸಿಬಿಟ್ಟಳಲ್ಲ. ಸುಳ್ಳಾಗಿದ್ದರೆ ತಿರುಗಿ ಬೈಯಬಹುದಿತ್ತು. ಒಂದೇ ಒಂದು ಮಾತು ಸುಳ್ಳಾಗಿದ್ದರೂ ಸಾಕಿತ್ತು. ಅವನು ಹುಡುಕಿದ. ಸಿಗಲಿಲ್ಲ. ಕಣ್ಣೆದುರು ಬಂದದ್ದು ಆ ಸಂಜೆಯ ಮೆರವಣಿಗೆ, ಬ್ಯಾಂಡು, ಟೋಪಿ ತೆಗೆದು ನಿಂತ ಮೊದಲಾಳಿ. ಪೆಟ್ಟಿಗೆಯಲ್ಲಿ ಇವಳು. ಜೀವಂತ ಇದ್ದವಳನ್ನು ಅವನು ಅಷ್ಟು ಸಲ ಹೂತಿದ್ದ.

ಪೈಲಿಯ ಕೈಯಿಂದ ಹಾರೆ ಕಿತ್ತುಕೊಂಡ. ಒಂದು ಕ್ಷಣ ಎಲ್ಲರೂ ಹ್ಞಾಂ ಎಂದು ಹಿಂದೆ ಸರಿದರು. ಯಾರಿಗೋ ಹೊಡೆಯುತ್ತಾನೆ ಅಂದುಕೊಂಡಿರಬೇಕು. ಅವನು ಹಾರೆಯ ತುದಿಯನ್ನು ಕರಿಗಲ್ಲಿನ ಸಂದಿಗೆ ತುರುಕಿ, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಗಾರೆ ಪಟಪಟನೆ ಒಡೆಯಿತು. ಎರಡು ಸಲ ವಾಪಸು ಕಳಿಸಿ ತರಿಸಿದ ಕಲ್ಲು, ಒರೆಸಿ ಒರೆಸಿ ಮುಖ ಕಾಣುವ ಹಾಗೆ ಮಾಡಿದ ಕಲ್ಲು, ಒಂದು ಮೂಲೆ ಮುರಿದು ಪಕ್ಕಕ್ಕೆ ಜರುಗಿತು. ಒಳಗೆ ಒಣ ಸಿಮೆಂಟಿನ ವಾಸನೆ.

"ಇಳಿಸ್ರೋ," ಎಂದ. "ಏನು ನೋಡ್ತಾ ನಿಂತಿದೀರಾ? ಇಳಿಸ್ರೋ ಅಂದೆ!"

ಇಳಿಸಿದರು. ಸಿಲ್ವಿ ತಾಯಿಯ ಪೆಟ್ಟಿಗೆಯ ಮೇಲೆ ಕೈಯಿಟ್ಟು ಅಲ್ಲೇ ಕುಸಿದು ಕೂತ. ಫಾದರ್ ಪ್ರಾರ್ಥನೆ ಹೇಳಿದರು. ಬ್ರಿಜೀತ ಮೂರು ಹಿಡಿ ಮರಳು ಹಾಕಿದಳು, ಒದ್ದೆ ಮರಳು, ಮುದ್ದೆಯಾಗಿ ಬಿತ್ತು. ಆಗ ಮಾತ್ರ ಅವಳು ಅತ್ತಳು, ಬೈಯುತ್ತ ಬೈಯುತ್ತ ಅತ್ತಳು. ಕ್ಲೀಟಸ್, ಪೈಲಿ ಸೇರಿ ಕಲ್ಲನ್ನು ಮತ್ತೆ ಮೇಲೆಳೆದರು. ಮುರಿದ ಮೂಲೆಯಲ್ಲಿ ಒಂದು ಅಂಗೈಯಷ್ಟು ತೂತು ಉಳಿಯಿತು. ಪೈಲಿ ಅದಕ್ಕೆ ಜೇಡಿಮಣ್ಣು ಮೆತ್ತಿದ.

ಜನ ಕದಲತೊಡಗಿದರು. ಆಗ ಗ್ರಿಗರಿ ಮೊದಲಾಳಿ ಕೊಡೆಯ ಕೆಳಗಿನಿಂದ ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದ.

"ಭೇಷ್ ಕ್ಲೀಟಸೇ! ದೋಣಿ ಮಾರಿ ಧರ್ಮಛತ್ರ ಕಟ್ಟಿಸಿದ ಮೊದಲನೇ ಗಂಡು ನೀನೇ ನೋಡು. ಈಗ ಹೇಳು, ನಾಳೆ ನಿಮ್ಮಮ್ಮ ಹೋದ್ರೆ ಎಲ್ಲಿಡ್ತೀಯ? ನನ್ನ ಹತ್ರ ಬಂದು ಕೈ ಚಾಚ್ತೀಯಾ?"

ಎಲ್ಲರೂ ನಿಂತರು. ಕ್ಲೀಟಸನ ಬಾಯಿ ಊರಿಗೆ ಗೊತ್ತು. ಈಗ ಬರುತ್ತದೆ, ಕಾದ ಹಂಡೆಯ ನೀರು ಎರಚಿದ ಹಾಗೆ ಬರುತ್ತದೆ ಎಂದು ಕಾದರು. ಸಿಲ್ವಿಯೂ ತಲೆ ಎತ್ತಿದ. ಬ್ರಿಜೀತ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಮಗನನ್ನೇ ನೋಡಿದಳು.

ಮಾತು ಬಂದಿತ್ತು. ನಾಲಿಗೆಯ ತುದಿಯಲ್ಲಿ, ಹರಿತವಾಗಿ, ಮೊದಲಾಳಿ ಜನ್ಮದಲ್ಲಿ ಮರೆಯದಂಥದ್ದು. ಹಾರೆ ಹಿಡಿದ ಕೈಯ ನರ ಹುರಿಯಾಗಿತ್ತು. ಕ್ಲೀಟಸ್ ಮೊದಲಾಳಿಯ ಮುಖವನ್ನು ನೋಡಿದ. ಅಲ್ಲಿ ಕಾತರವಿತ್ತು. ಅವನೂ ಕಾಯುತ್ತಿದ್ದ, ಉತ್ತರ ಬರಲಿ ಎಂದೇ ಕಾಯುತ್ತಿದ್ದ.

ಕ್ಲೀಟಸ್ ಹಾರೆಯನ್ನು ಪೈಲಿಯ ಕೈಗೆ ಕೊಟ್ಟ. ಪಂಚೆಯನ್ನು ಮೇಲೆತ್ತಿ ಕಟ್ಟಿದ. ಹೊಟ್ಟೆಯೊಳಗಿನ ಉರಿ ಇನ್ನೂ ಹಾಗೇ ಇತ್ತು, ಒಂದಿಷ್ಟೂ ಆರಿರಲಿಲ್ಲ. ಅವನು ಬೆನ್ನು ತಿರುಗಿಸಿ, ಕೆಸರು ನೀರನ್ನು ಕಾಲಿನಿಂದ ತಳ್ಳುತ್ತ, ಗೇಟಿನ ಕಡೆ ನಡೆದ.